ಸ್ಮಾರ್ಟ್ ಬೋರ್ಡಿಗಿಟ್ಟ ಕುಂಕುಮ

ನಿವೃತ್ತಿಯ ನೆನಪು ಬರೆಯುವವನಿಗೆ ತಲೆ ನರೆತಿರಬೇಕು, ಪಿಂಚಣಿ ಬರುತ್ತಿರಬೇಕು, ಬೆಳಗಿನ ವಾಕಿಂಗಿಗೆ ಒಂದು ಮಂಕಿ ಟೋಪಿ ಇರಬೇಕು. ನನಗೆ ಮೂರೂ ಇಲ್ಲ. ವಯಸ್ಸು ಇನ್ನೂ ಮೂವತ್ತು ದಾಟಿಲ್ಲ. ಆದರೂ ನಾನು ನಿವೃತ್ತ. ಶಾಲೆಗಳಿಗೆ ಸ್ಮಾರ್ಟ್ ಬೋರ್ಡು ಮಾರಿ, ಅದನ್ನು ನೋಡಿಕೊಳ್ಳಲು ಶಾಲೆಗೊಬ್ಬನಂತೆ ನಮ್ಮಂಥವರನ್ನು ಕೂರಿಸುತ್ತಿದ್ದ ಒಂದು ಕಂಪನಿಯಲ್ಲಿ ನಾನಿದ್ದೆ. ಒಪ್ಪಂದ ಮುಗಿಯಿತು, ಕಂಪನಿ ಗಂಟುಮೂಟೆ ಕಟ್ಟಿತು, ನಾನು ಮನೆಗೆ ಬಂದೆ. ಕೊನೆಯ ದಿನ ಶಾಲೆಯವರು ನನಗೂ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಯಾರೋ ದೊಡ್ಡ ತಲೆಯವರಿಗೆ ಮಾಡಿಸಿದ್ದು. ನನ್ನ ಕಣ್ಣಿನವರೆಗೆ ಇಳಿಯಿತು. ಅದರೊಳಗಿಂದಲೇ ಹೆಡ್ಮಾಸ್ಟರ ದನಿಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡು ಒಂದು ಭಾಷಣ ಮಾಡಿದೆ. ಇಷ್ಟೆಲ್ಲ ಆದ ಮೇಲೆ ನಿವೃತ್ತನಲ್ಲದೆ ಇನ್ನೇನು?

ಈಗ ಕೆಂಗೇರಿ ಬಳಿಯ ಉಲ್ಲಾಳದ ಮುಖ್ಯರಸ್ತೆಯಲ್ಲಿ ನಮ್ಮ ಭಾವನ ಯುಪಿಎಸ್ ಅಂಗಡಿಯಲ್ಲಿ ಕೂರುತ್ತೇನೆ. ನನ್ನ ಹಳೆಯ ಕೆಲಸಕ್ಕೆ ಬೇರೆ ಕಂಪನಿಗಳಿಂದ ಹೊಸದಾಗಿ ಸೇರಿರುವ ಹುಡುಗ ಹುಡುಗಿಯರು ಬ್ಯಾಟರಿ ಕೊಳ್ಳಲು ಬರುತ್ತಾರೆ. "ಅಣ್ಣ, ನೀವು ಸ್ಕೂಲಲ್ಲಿ ಇದ್ರಂತಲ್ಲ, ಹೇಗಿರುತ್ತೆ?" ಎಂದು ಕೇಳುತ್ತಾರೆ. ಬ್ಯಾಟರಿ ಕಟ್ಟಿಕೊಡುವಷ್ಟರಲ್ಲಿ ಹೇಳಿ ಮುಗಿಯುವ ವಿಷಯವಲ್ಲ. ಅದಕ್ಕೇ ಬರೆಯಲು ಕೂತೆ. ಇದರಲ್ಲಿ ದೊಡ್ಡ ಪಾಲು ಗಣಿತದ ನಾಗರತ್ನ ಮಿಸ್ಸಿನದು. ನಾನು ನೋಡಿಕೊಳ್ಳುತ್ತಿದ್ದ ಬೋರ್ಡಿನ ದೆಸೆಯಿಂದ ಅವರ ಹತ್ತನೇ ಕ್ಲಾಸು ಅವರ ಕೈತಪ್ಪಿ ಹೋಗುವುದರಲ್ಲಿತ್ತು.

ಶಾಲೆ ಇದ್ದದ್ದು ಕೆಂಗೇರಿ ಉಪನಗರ ದಾಟಿ ಉಲ್ಲಾಳದ ಕಡೆ ತಿರುಗುವಲ್ಲಿ. ಹೆಸರು ಬೇಡ. ಮಕ್ಕಳೆಲ್ಲ ಸುತ್ತಮುತ್ತಲವರು: ಗಾರ್ಮೆಂಟ್ಸಿಗೆ ಹೋಗುವ ತಾಯಂದಿರ ಮಕ್ಕಳು, ಆಟೋ ಓಡಿಸುವವರ ಮಕ್ಕಳು, ದಿನಸಿ ಅಂಗಡಿಯವರ ಮಕ್ಕಳು. ಟೀಚರುಗಳು ಮಾತ್ರ ವಿಜಯನಗರ, ರಾಜಾಜಿನಗರದಿಂದ ಬಸ್ಸು ಮೆಟ್ರೋ ಹಿಡಿದು, ಊಟದ ಡಬ್ಬಿಯ ಜೊತೆ ಬೆನ್ನುನೋವನ್ನೂ ಹೊತ್ತುಕೊಂಡು ಬರುತ್ತಿದ್ದರು. ಕಂಪನಿ ಕೊಟ್ಟ ಚೀಟಿಯ ಪ್ರಕಾರ ನಾನು 'ಕೋಆರ್ಡಿನೇಟರ್'. ಮಕ್ಕಳಿಗೆ 'ಬೋರ್ಡ್ ಅಣ್ಣ'. ಟೀಚರುಗಳಿಗೆ 'ಲೋಕಿ'. ಹೆಡ್ಮಾಸ್ಟರ್ ಶಿವಣ್ಣ ಸಾರ್‌ಗೆ 'ಏನಪ್ಪಾ ಕಂಪ್ಯೂಟರು'.

ನನಗೊಂದು ಕಾಯಿಲೆಯಿದೆ, ಅದನ್ನು ಮೊದಲೇ ಹೇಳಿಬಿಡಬೇಕು. ಯಾರ ಮಾತನ್ನಾದರೂ ಸ್ವಲ್ಪ ಹೊತ್ತು ಕೇಳಿದರೆ ಅದು ನನ್ನ ಬಾಯಿಗೆ ಹತ್ತಿಕೊಳ್ಳುತ್ತದೆ. ಶಿವಣ್ಣ ಸಾರ್ ಏನೇ ಹೇಳಿದರೂ ಕೊನೆಗೆ 'ಅದು ಬೇರೆ ವಿಷಯ' ಎಂದು ಸೇರಿಸುತ್ತಿದ್ದರು. "ಮಳೆ ಬರೋ ಹಾಗಿದೆ, ಅದು ಬೇರೆ ವಿಷಯ." "ನಾನು ಹೆಡ್ಮಾಸ್ಟ್ರು, ಅದು ಬೇರೆ ವಿಷಯ." ಸೇರಿದ ವಾರದಲ್ಲೇ ಸ್ಟಾಫ್ ರೂಮಿನಲ್ಲಿ ನಾನು ಅವರ ಹಾಗೆ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದಾಗ, ಹಿಂದೆ ಅವರೇ ಬಂದು ನಿಂತಿದ್ದರು. ನಗು ನಿಂತದ್ದು ನೋಡಿ ನಾನು ತಿರುಗಿದೆ. ಅವರು ಗಂಭೀರವಾಗಿ, "ಚೆನ್ನಾಗಿ ಮಾಡ್ತೀಯ. ಬೋರ್ಡು ಕೆಟ್ಟಿದೆ, ಅದು ಬೇರೆ ವಿಷಯ" ಎಂದು ಹೋದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ.

ಮೊದಲು ತರಬೇತಿಯ ಕಥೆ. ಕಂಪನಿಯಿಂದ ಟೈ ಕಟ್ಟಿದ ಒಬ್ಬರು ಬಂದಿದ್ದರು. ಅರ್ಧ ಇಂಗ್ಲಿಷು, ಅರ್ಧ ಹಿಂದಿ, ನಡುವೆ 'ಓಕೆನಾ?' ಎಂಬುದೊಂದೇ ಕನ್ನಡ. ಆವತ್ತು ನಾನು ಕಂಡದ್ದೇನೆಂದರೆ, ಟೀಚರನ್ನು ಬೆಂಚಿನ ಮೇಲೆ ಕೂರಿಸಿದರೆ ಅವರು ತಕ್ಷಣ ವಿದ್ಯಾರ್ಥಿಯಾಗಿಬಿಡುತ್ತಾರೆ. ಮುಂದಿನ ಬೆಂಚು ಖಾಲಿ, ಹಿಂದಿನ ಬೆಂಚಿಗೆ ನೂಕುನುಗ್ಗಲು. ಕನ್ನಡದ ಮೇಷ್ಟ್ರು ಕಿರುಬೆರಳೆತ್ತಿ ಹೊರಗೆ ಹೋದವರು ಟೀ ಕುಡಿದೇ ಬಂದರು. ಡೆಸ್ಕಿನ ಕೆಳಗೆ ಕಡಲೆಬೀಜ ಕೈಯಿಂದ ಕೈಗೆ ಹೋಗುತ್ತಿತ್ತು. ಟೈ ಸಾರ್ 'ಓಕೆನಾ?' ಎಂದಾಗಲೆಲ್ಲ ಎಲ್ಲರೂ 'ಓಕೆ ಸಾರ್' ಎಂದರು. ಅವರ ಕಾರು ಗೇಟು ದಾಟಿದ ಮೇಲೆ ಎಲ್ಲರೂ ನನ್ನ ಸುತ್ತ ಸೇರಿ ಕೇಳಿದ ಮೊದಲ ಪ್ರಶ್ನೆ: "ಲೋಕಿ, ಇದನ್ನ ಆನ್ ಮಾಡೋದು ಎಲ್ಲಿ?"

ನಗಬೇಡಿ. ಅವರು ದಡ್ಡರೆಂದಲ್ಲ. ತಿಳಿಯಲಿಲ್ಲ ಎಂದು ಕೈಯೆತ್ತುವ ಧೈರ್ಯ ಬರಲಿಲ್ಲ. ವರ್ಷಗಟ್ಟಲೆ ಮಕ್ಕಳಿಗೆ 'ತಿಳೀದಿದ್ರೆ ಕೇಳ್ರೋ' ಎಂದವರಿಗೆ ತಾವು ಕೇಳುವುದು ಕಷ್ಟ. ಈ ಕೆಲಸದಲ್ಲಿ ನೀವು ರಿಪೇರಿ ಮಾಡಬೇಕಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ಈ ಅಂಜಿಕೆಯನ್ನು.

ಯಂತ್ರವೇನೂ ಸಾಧುವಲ್ಲ. ಹೃದಯದ ಪಾಠಕ್ಕೆ ವಿಜ್ಞಾನದ ಮಿಸ್ಸು ಒಂದು ವಿಡಿಯೋ ಹಚ್ಚಿದರೆ, ಹೃದಯ ಎರಡು ಬಡಿತ ಬಡಿಯುವಷ್ಟರಲ್ಲಿ ಬನಿಯನ್ನಿನ ಜಾಹೀರಾತು. ಆಮೇಲೆ ಎಷ್ಟೋ ದಿನ ಆ ಕ್ಲಾಸಿನಲ್ಲಿ ಹೃತ್ಕರ್ಣ ಎಂದರೆ ಸಾಕು, ಮಕ್ಕಳು ಬನಿಯನ್ನು ನೆನೆಸಿಕೊಂಡು ನಕ್ಕರು. ಕರೆಂಟು ಹೋದರೆ ಯುಪಿಎಸ್ಸು ಕೋಗಿಲೆಯ ಹಾಗೆ ಕೂಗುತ್ತಿತ್ತು. ಆ ಕೂಗನ್ನು ನಾನು ಬಾಯಲ್ಲೇ ಮಾಡಬಲ್ಲೆನೆಂದು ತಿಳಿದ ಮೇಲೆ, ಬೋರ್ಡು ಸರಿಯಿದ್ದಾಗಲೂ ಮಕ್ಕಳು "ಅಣ್ಣ, ಒಂದ್ಸಲ ಕೂಗಿ, ಟೆಸ್ಟ್ ಕ್ಯಾನ್ಸಲ್ ಆಗ್ಲಿ" ಎಂದು ಪೀಡಿಸುತ್ತಿದ್ದರು.

ನನ್ನ ಪಾಲಿನ ಎಡವಟ್ಟೂ ಇದೆ. ಒಂದು ದಿನ ಶಾಲೆಯ ಇಂಟರ್ನೆಟ್ಟು ಕೈಕೊಟ್ಟಿತು. ನಾನು ಜಾಣನೆಂದು ತೋರಿಸಿಕೊಳ್ಳಲು ನನ್ನ ಫೋನನ್ನೇ ಬೋರ್ಡಿಗೆ ಜೋಡಿಸಿ, ಅದರ ಪರದೆಯೇ ಅಲ್ಲಿ ಕಾಣುವಂತೆ ಮಾಡಿದೆ. ಸಮಾಜ ವಿಜ್ಞಾನದ ಮಿಸ್ಸು ಅಕ್ಷಾಂಶ ರೇಖಾಂಶ ವಿವರಿಸುತ್ತಿದ್ದರು. ಭೂಗೋಳದ ನೆತ್ತಿಯ ಮೇಲೆ ನಮ್ಮಮ್ಮನ ಸಂದೇಶ ಬಂದು ಕೂತಿತು: 'ಬರ್ತಾ ಸೊಗಡಿನ ಅವರೆಕಾಯಿ ತಗೊಂಡ್ ಬಾ. ಹೋದ್ಸಲದ ತರ ಹುಳದ್ದು ತಂದ್ರೆ ನಿನಗೇ ಬಡಿಸ್ತೀನಿ.' ಇಡೀ ಎಂಟನೇ ಕ್ಲಾಸು ಒಕ್ಕೊರಲಿನಿಂದ ಗಟ್ಟಿಯಾಗಿ ಓದಿತು. ಆ ಸೀಸನ್ನು ಮುಗಿಯುವ ತನಕ ನಾನು 'ಅವರೆಕಾಯಿ ಅಣ್ಣ'. ಎಲ್ಲರನ್ನೂ ಅಣಕಿಸುವವನನ್ನು ಎಲ್ಲರೂ ಸೇರಿ ಅಣಕಿಸಿದಾಗ ಅದರ ರುಚಿ ತಿಳಿಯುತ್ತದೆ. ಹುಳ ಇರುತ್ತದೆ.

ಇನ್ನು ಫೋನಿನ ಕಾಟ. ಹಾಜರಾತಿಗೆ ಒಂದು ಆ್ಯಪು, ಊಟಕ್ಕೆ ಒಂದು, ಪರೀಕ್ಷೆಯ ಅಂಕಕ್ಕೆ ಮತ್ತೊಂದು, ತರಬೇತಿ ಕೇಳಿದ್ದೇವೆಂದು ಒಪ್ಪಿಸಲು ಇನ್ನೊಂದು. ಸಮಾಜ ವಿಜ್ಞಾನದ ಮಿಸ್ಸಿನ ಫೋನಿನಲ್ಲಿ ಹೊಸದಕ್ಕೆ ಜಾಗವೇ ಇರಲಿಲ್ಲ. ತೆಗೆದು ನೋಡಿದರೆ ಗುಲಾಬಿ ಹೂವು, ದೇವರ ಪಟ, ಉದಯಿಸುವ ಸೂರ್ಯನ ಜೊತೆ 'ಶುಭೋದಯ'. "ಇದನ್ನೆಲ್ಲ ತೆಗೀಲಾ ಮಿಸ್?" ಎಂದರೆ, "ದೇವ್ರನ್ನ ಬಿಟ್ಟು ಉಳಿದಿದ್ದು ತೆಗಿ" ಎಂದರು. ತೆಗೆದೆ. ಜಾಗವೆಲ್ಲ ದೇವರದೇ ಆಗಿತ್ತು. ಅವರು ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತು, ಒಂದೇ ಕೈಯಲ್ಲಿ ಅಂಕ ತುಂಬುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಹೊತ್ತಿಗೆ ನನಗೆ ಅವರ ದನಿ ಬಾಯಿಗೆ ಬರಲಿಲ್ಲ.

ಈಗ ನಾಗರತ್ನ ಮಿಸ್ಸು. ನಿವೃತ್ತಿಗೆ ಆ ಒಂದು ವರ್ಷವಷ್ಟೇ ಬಾಕಿಯಿತ್ತು. ಬೋರ್ಡಿಗೆ ಬೆನ್ನು ಮಾಡದೆ, ಓರೆಯಾಗಿ ನಿಂತು, ಕ್ಲಾಸನ್ನು ನೋಡುತ್ತಲೇ ನೇರ ಗೆರೆ ಎಳೆಯುತ್ತಿದ್ದರು. ಪಾಠದ ನಡುವೆ ನಿಲ್ಲಿಸಿ ಯಾರನ್ನಾದರೂ ದಿಟ್ಟಿಸಿ, "ಗೊತ್ತಾಯ್ತು ಅಂತ ಬಾಯಿ ಹೇಳ್ತಾ ಇದೆ, ಕಣ್ಣು ಹೇಳ್ತಾ ಇಲ್ಲ" ಎನ್ನುವುದು ಅವರ ವರಸೆ. ಅದನ್ನು ನಾನು ಅವರ ಎದುರಿಗೇ ಮಾಡಿ ತೋರಿಸುತ್ತಿದ್ದೆ. "ಇನ್ನೊಂದ್ ಸ್ವಲ್ಪ ಗದರಬೇಕು ಕಣೋ, ನಾನು ಅಷ್ಟು ಮೆತ್ತಗಿಲ್ಲ" ಎಂದು ತಿದ್ದುತ್ತಿದ್ದರು.

ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ರಂಗೇಗೌಡರು ಬಸವೇಶ್ವರನಗರದ ಯಾವುದೋ ಶಾಲೆಗೆ ಸಮಾರಂಭಕ್ಕೆ ಹೋಗಿದ್ದರು. ಅಲ್ಲಿ ಎಲ್ಲ ಟೀಚರೂ ಬೋರ್ಡಿನ ಮೇಲೆ ಬೆರಳಾಡಿಸುವುದನ್ನು ಕಂಡು ಬಂದರು. ಬಂದವರೇ ಒಂದು ನಿಯಮ ಹೊರಡಿಸಿದರು. ದಸರಾ ರಜ ಮುಗಿದ ಮೇಲೆ ಹತ್ತನೇ ಕ್ಲಾಸಿನ ಟೀಚರುಗಳು ಒಬ್ಬೊಬ್ಬರಾಗಿ ಮಂಡಳಿಯವರ ಎದುರು ಸ್ಮಾರ್ಟ್ ಬೋರ್ಡಿನಲ್ಲಿ ಒಂದು ಪಾಠ ಮಾಡಬೇಕು. ಆಗದವರು ಕೆಳಗಿನ ಕ್ಲಾಸಿಗೆ ಹೋಗಬೇಕು. ಹತ್ತನೇ ಕ್ಲಾಸು ಹೊಸಬರಿಗೆ. ದುಡ್ಡು ಸುರಿದು ಬೋರ್ಡು ತಂದದ್ದು ಹೊದಿಕೆ ಹೊದಿಸಿ ಇಡುವುದಕ್ಕಲ್ಲ ಎಂಬುದು ಅವರ ವಾದ. ಅದೂ ಸುಳ್ಳಲ್ಲ. ಆಯಾ ಲಕ್ಷ್ಮಮ್ಮ ಹಳೇ ಸೀರೆ ಹೊಲಿದು ಪ್ರತಿ ಬೋರ್ಡಿಗೂ ಗವಸು ಮಾಡಿದ್ದರು. ಧೂಳು ಕೂರದಿರಲೆಂದು. ಬೋರ್ಡಿನ ಮುಖವೂ ಕಾಣುತ್ತಿರಲಿಲ್ಲ, ಅದು ಬೇರೆ ವಿಷಯ.

ಆ ಸಂಜೆ ನಾಗರತ್ನ ಮಿಸ್ಸು ನನ್ನನ್ನು ಕರೆದು ಕೂರಿಸಿಕೊಂಡರು.

"ಲೋಕಿ, ಈ ಮಕ್ಕಳು ಎಂಟನೇ ಕ್ಲಾಸಿಂದ ನನ್ನ ಕೈಲಿದಾರೆ. ಭಿನ್ನರಾಶಿ ಕಂಡ್ರೆ ಅಳ್ತಾ ಇದ್ದೋರು ಇವತ್ತು ತಾವೇ ಎದ್ದು ಬಂದು ಲೆಕ್ಕ ಬಿಡಿಸ್ತಾರೆ. ಪರೀಕ್ಷೆ ಇನ್ನೇನು ಬಂತು. ಈಗ ನನ್ನನ್ನ ಕೆಳಗೆ ಕಳಿಸಿದ್ರೆ ಬೇಜಾರಿಲ್ಲ ಅಂದ್ರೆ ಸುಳ್ಳು. ಆದ್ರೆ ನಡುನೀರಲ್ಲಿ ಕೈ ಬಿಟ್ಟ ಹಾಗಾಗುತ್ತೆ ಅವಕ್ಕೆ. ನನಗೆ ಅದನ್ನ ಕಲಿಸಿಕೊಡು."

"ಅಷ್ಟೇ ತಾನೆ ಮಿಸ್, ಎರಡು ದಿನದ ಕೆಲಸ" ಎಂದೆ. ನಮ್ಮ ಕಸುಬಿನವರು ಹೇಳುವ ಮೊದಲ ಸುಳ್ಳು ಅದು.

ಕಷ್ಟವಿದ್ದದ್ದು ಅವರ ಕೈಯಲ್ಲಿ. ಸೀಮೆಸುಣ್ಣ ಹಿಡಿದು ಬರೆಯುವಾಗ ಅಂಗೈಯ ಅಂಚನ್ನು ಹಲಗೆಗೆ ಊರಿ ಬರೆಯುವುದು ಅವರ ಜೀವಮಾನದ ರೂಢಿ. ಅವರ ಅಕ್ಷರ ನೆಟ್ಟಗೆ ಬರುತ್ತಿದ್ದುದೇ ಅದರಿಂದ. ಈ ಬೋರ್ಡಿಗೋ, ಬೆರಳು ತಾಗಿದರೆ ಪೆನ್ನು, ಅಂಗೈ ತಾಗಿದರೆ ಡಸ್ಟರು. ಅವರು ಬರೆಯುತ್ತಾ ಹೋದರು, ಅವರ ಕೈಯೇ ಅಳಿಸುತ್ತಾ ಬಂತು. ಆ ವ್ಯವಸ್ಥೆಯನ್ನು ತೆಗೆದುಹಾಕಬಹುದಿತ್ತು. ಆದರೆ ಕಂಪನಿ ಅದಕ್ಕೆ ಬೀಗ ಹಾಕಿಟ್ಟಿತ್ತು. ಬಿಡಿಸಿಕೊಡಿ ಎಂದು ನಾನು ಮಾಡಿದ ಫೋನುಗಳಿಗೆಲ್ಲ ಒಂದು ಹುಡುಗಿಯ ದನಿ, ನಮ್ಮ ಕರೆ ಅವರಿಗೆ ಬಹಳ ಮುಖ್ಯ ಎಂದು ಹೇಳಿ ಸಂಗೀತ ಕೇಳಿಸುತ್ತಿತ್ತು.

"ನೋಡೋ, ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ಇಲ್ಲಿ ಬಲಗೈ ಮಾಡಿದ್ದು ಬಲಗೈಗೇ ಇಷ್ಟ ಆಗ್ತಾ ಇಲ್ಲ" ಎಂದರು ಮಿಸ್ಸು. ನಗುತ್ತಿದ್ದರು. ಮೂರನೆಯ ಸಂಜೆ ನಗು ನಿಂತಿತು. ಬಳೆಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಬರೆಯಲು ನೋಡಿದರು. ಅಕ್ಷರ ಒಂದನೇ ಕ್ಲಾಸಿನ ಮಗುವಿನದರಂತೆ ವಕ್ರವಾಗಿ ಬಂತು. ಅದನ್ನೇ ನೋಡುತ್ತಾ ನಿಂತುಬಿಟ್ಟರು.

ಅಲ್ಲಿಯವರೆಗೆ ನಾನು ಅವರಿಗೆ ಕಲಿಸುತ್ತಿದ್ದುದು ಟೈ ಸಾರ್ ದನಿಯಲ್ಲಿ. ಗೊತ್ತಿಲ್ಲದೆಯೇ. 'ಇದನ್ನ ಪ್ರೆಸ್ ಮಾಡಿ, ಆಮೇಲೆ ಇದನ್ನ ಪ್ರೆಸ್ ಮಾಡಿ, ಓಕೆನಾ?' ಎಂದು. ಅವರು 'ಓಕೆ' ಎನ್ನುತ್ತಿದ್ದರು. ಆ ವಕ್ರ ಅಕ್ಷರ ನೋಡಿದ ಮೇಲೆ ಏನು ಮಾಡಬೇಕೆಂದು ತೋಚದೆ, ಬಾಯಿಗೆ ಬಂದ ಇನ್ನೊಂದು ದನಿಯಲ್ಲಿ ಮಾತಾಡಿದೆ. ಅವರದೇ ದನಿ.

"ಓಕೆ ಅಂತ ಬಾಯಿ ಹೇಳ್ತಾ ಇದೆ, ಕಣ್ಣು ಹೇಳ್ತಾ ಇಲ್ಲ. ಎಲ್ಲಿ ಗೊತ್ತಾಗಿಲ್ಲ, ಕೇಳು."

ಮಿಸ್ಸು ತಿರುಗಿ ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು, ಮುಂದಿನ ಬೆಂಚಿನಲ್ಲಿ ಕೂತು, ಕೈಯೆತ್ತಿದರು.

"ಮಿಸ್, ನನ್ನ ಬೆರಳು ಎಲ್ಲಿದೆ ಅಂತ ಆ ಬೋರ್ಡಿಗೆ ಹೇಗೆ ಗೊತ್ತಾಗುತ್ತೆ? ಅದನ್ನ ಯಾರೂ ಹೇಳಲಿಲ್ಲ."

ನಿಜಕ್ಕೂ ಯಾರೂ ಹೇಳಿರಲಿಲ್ಲ. ನಾನೂ. ಯಾಕೆಂದು ತಿಳಿಸದೆ ಒಂದು ಸೂತ್ರವನ್ನೂ ಮಕ್ಕಳಿಗೆ ಕೊಡದವರಿಗೆ, ಯಾಕೆಂದು ಹೇಳದೆ ಇಡೀ ಯಂತ್ರವನ್ನೇ ಕೊಟ್ಟಿದ್ದೆವು. ನಾನು ಅವರದೇ ಗದರಿಕೆಯಲ್ಲಿ ಪಾಠ ಶುರು ಮಾಡಿದೆ. ಬೋರ್ಡಿನ ಚೌಕಟ್ಟಿನ ಒಳ ಅಂಚಿನಿಂದ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಹೊರಡುತ್ತವೆ. ಒಂದಷ್ಟು ಅಡ್ಡಕ್ಕೆ, ಒಂದಷ್ಟು ಉದ್ದಕ್ಕೆ, ಮುಖದ ಮೇಲೆ ಬಲೆ ಹರಡಿದ ಹಾಗೆ. ಬೆರಳಿಟ್ಟರೆ ಅಡ್ಡಗೆರೆ ಒಂದು ತುಂಡಾಗುತ್ತದೆ, ಉದ್ದಗೆರೆ ಒಂದು ತುಂಡಾಗುತ್ತದೆ. ಆ ಎರಡೂ ಸೇರುವ ಜಾಗವೇ ಬೆರಳು. ಅಂಗೈ ಇಟ್ಟರೆ ಗೆರೆಗಳ ಗುಂಪೇ ತುಂಡಾಗುತ್ತದೆ. ಅಷ್ಟು ದಪ್ಪಗಿರುವುದು ಡಸ್ಟರೇ ಇರಬೇಕೆಂದು ಅದು ತಿಳಿಯುತ್ತದೆ.

ಮಿಸ್ಸು ಎದ್ದು ಬಂದು ಚೌಕಟ್ಟಿನ ಅಂಚನ್ನು ಬೆರಳಿನಲ್ಲಿ ಸವರಿದರು.

"ಅಷ್ಟೇನಾ? ಇದು ಗ್ರಾಫು ಕಣೋ. ನಾನು ಇದನ್ನೇ ದಿನಾ ಹೇಳ್ಕೊಡ್ತೀನಿ."

"ಹೌದು ಮಿಸ್."

"ಮತ್ತೆ ಇಷ್ಟು ದಿನ ಯಾಕೋ ನನ್ನನ್ನ ಹೆದರಿಸಿದೆ?"

ಅವತ್ತಿನಿಂದ ಅವರು ಬೋರ್ಡಿಗೆ ಅಂಜಲಿಲ್ಲ. ಕೈ ಮಾತ್ರ ಆಗಾಗ ಮರೆತು ಊರುತ್ತಿತ್ತು. ಸಂಜೆ ಸಂಜೆ ಅಭ್ಯಾಸ ಮಾಡಿದರು. ಮಂಡಳಿಯ ಎದುರಿನ ಡೆಮೊಗೆ ಅವರು ಆರಿಸಿಕೊಂಡದ್ದೂ ಅದೇ ಪಾಠ: ಎರಡು ಸಮೀಕರಣ, ಎರಡು ಸರಳರೇಖೆ, ಅವು ಸೇರುವ ಬಿಂದುವೇ ಉತ್ತರ.

ರಜಕ್ಕೆ ಮುಂಚಿನ ದಿನ ಶಾಲೆಯಲ್ಲಿ ಆಯುಧ ಪೂಜೆ. ಪ್ರತಿ ವರ್ಷ ಗಂಟೆಗೆ, ಲ್ಯಾಬಿನ ತಕ್ಕಡಿಗೆ, ಶಿವಣ್ಣ ಸಾರ್ ಸ್ಕೂಟರಿಗೆ, ಪ್ರತಿ ಕ್ಲಾಸಿನ ಕರಿಹಲಗೆಗೆ ವಿಭೂತಿ ಕುಂಕುಮ ಹಚ್ಚುತ್ತಿದ್ದರಂತೆ. ಈ ಸಲ ಹೊಸ ಬೋರ್ಡುಗಳಿವೆಯೆಂದು ರಂಗೇಗೌಡರೇ ರೇಷ್ಮೆ ಪಂಚೆ ಉಟ್ಟು ಬಂದರು. ಗಂಧವನ್ನು ಗಟ್ಟಿಯಾಗಿ ತೇಯಿಸಿ ತಂದಿದ್ದರು. ಹತ್ತನೇ ಕ್ಲಾಸಿನ ಸ್ಮಾರ್ಟ್ ಬೋರ್ಡಿನ ಚೌಕಟ್ಟಿಗೆ ಎಡಗಡೆ ಒಂದು, ಕೆಳಗಡೆ ಒಂದು ಗಂಧದ ಬೊಟ್ಟಿಟ್ಟು, ಅದರ ಮೇಲೆ ಧಾರಾಳವಾಗಿ ಕುಂಕುಮವಿಟ್ಟು, ಮೇಲೆ ಸೇವಂತಿಗೆ ಮಾಲೆ ಹಾಕಿ ಕೈಮುಗಿದರು. ನಾನೂ ಮುಗಿದೆ, ಕಡಲೆಪುರಿ ತಿಂದೆ. ಪಕ್ಕದ ಕರಿಹಲಗೆಯ ನೆನಪು ಯಾರಿಗೂ ಆಗಲಿಲ್ಲ. ಲಕ್ಷ್ಮಮ್ಮ ಮಾಲೆ ತೆಗೆದು, ಸೀರೆಯ ಗವಸು ಹಾಕಿ, ಬಾಗಿಲಿಗೆ ಬೀಗ ಹಾಕಿದರು.

ರಜ ಮುಗಿದು ಶಾಲೆ ತೆರೆದ ದಿನವೇ ಮೊದಲ ಡೆಮೊ, ಮಿಸ್ಸಿನದು. ನಾನು ಬೇಗ ಹೋಗಿ ವೈರು, ಯುಪಿಎಸ್ಸು, ಸ್ಪೀಕರು ಎಲ್ಲ ನೋಡಿ, ಮೌಸು ಹಿಡಿದು ಪಾಠದ ಪುಟಗಳನ್ನು ಒಂದೊಂದಾಗಿ ತಿರುಗಿಸಿದೆ. "ಎಲ್ಲ ಸರಿಯಿದೆ ಮಿಸ್" ಎಂದೆ. ಬೆರಳಿನಲ್ಲಿ ಬರೆಯುವ ಬೋರ್ಡನ್ನು ಮೌಸಿನಲ್ಲಿ ಪರೀಕ್ಷಿಸಿದ ಮಹಾನುಭಾವ ನಾನು. ಅಡುಗೆಯ ರುಚಿಯನ್ನು ಮೂಗಿನಲ್ಲಿ ನೋಡಿ ಉಪ್ಪು ಸರಿಯಿದೆ ಎಂದ ಹಾಗೆ.

ಹಿಂದಿನ ಬೆಂಚುಗಳಲ್ಲಿ ರಂಗೇಗೌಡರು, ಮಂಡಳಿಯ ಇಬ್ಬರು ಸದಸ್ಯರು, ಶಿವಣ್ಣ ಸಾರ್. ಮಕ್ಕಳು ಮದುವೆಮನೆಯ ಹಾಗೆ ಎಣ್ಣೆ ಹಾಕಿ ತಲೆ ಬಾಚಿಕೊಂಡು ಬಂದಿದ್ದರು. ಮಿಸ್ಸಿನ ಗತಿಯೇನೆಂಬುದು ಅವರಿಗೂ ಗೊತ್ತಿತ್ತು. ಮಿಸ್ಸು ಪೆನ್ನಿನ ಗುರುತನ್ನು ಒತ್ತಿದರು. ಬೆರಳಿಟ್ಟು ಮೊದಲ ರೇಖೆ ಎಳೆದರು. ರೇಖೆ ಅವರು ಹೇಳಿದ ಕಡೆ ಹೋಗುವ ಬದಲು, ಬೋರ್ಡಿನ ನಡುವಿಗೊಮ್ಮೆ, ಬೆರಳಿಗೊಮ್ಮೆ ಜಿಗಿದು ಮಿಂಚಿನ ಹಾಗೆ ಸೊಟ್ಟಗೆ ಮೂಡಿತು. ಅವರು ಕೈ ತೆಗೆದರು. ನಡುವೆ ಒಂದು ಚುಕ್ಕಿ ತಾನಾಗಿ ಮೂಡಿ ಅಲ್ಲೇ ಉಳಿಯಿತು. ಅಳಿಸಿದರು. ಮತ್ತೆ ಬಂತು.

ಹಿಂದಿನಿಂದ ಒಬ್ಬ ಸದಸ್ಯರು ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು: "ಪಾಪ, ವಯಸ್ಸಾಯ್ತು." ರಂಗೇಗೌಡರು ಗಡಿಯಾರ ನೋಡಿಕೊಂಡರು. ನಾನು ಬೋರ್ಡನ್ನು ಆರಿಸಿ ಹಚ್ಚಲು ಎದ್ದೆ. ನಮ್ಮವರಿಗೆ ಗೊತ್ತಿರುವ ಒಂದೇ ಔಷಧಿ ಅದು. ಮಿಸ್ಸು ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದರು.

"ಲೋಕಿ, ಕೂತ್ಕೋ."

ಆಮೇಲೆ ಕ್ಲಾಸಿನ ಕಡೆ ತಿರುಗಿದರು. ಓರೆಯಾಗಿ, ಯಾವತ್ತಿನ ಹಾಗೆ.

"ಎಲ್ಲ ನೋಡಿದ್ರಲ್ಲ. ನಾನು ಬೆರಳು ಇಟ್ಟಿಲ್ಲ, ಆದ್ರೂ ಚುಕ್ಕಿ ಇದೆ. ಬೋರ್ಡಿಗೆ ದೆವ್ವ ಹಿಡಿದಿದೆ ಅಂತೀರೋ, ಲೆಕ್ಕ ಇದೆ ಅಂತೀರೋ?"

"ದೆವ್ವ ಮಿಸ್" ಎಂದಿತು ಹಿಂದಿನ ಬೆಂಚು.

"ದೆವ್ವ ಆದ್ರೆ ಓಡಾಡ್ಬೇಕಿತ್ತು. ಇದು ಯಾಕೆ ಒಂದೇ ಕಡೆ ಕೂತಿದೆ?"

ಮಿಸ್ಸು ಬೋರ್ಡಿನ ಬೆಳಕಿನ ಬಲೆಯ ಕಥೆಯನ್ನು ಹೇಳಿದರು. ಅಡ್ಡಗೆರೆ, ಉದ್ದಗೆರೆ, ತುಂಡಾಗುವುದು, ಸೇರುವುದು. ಖಾಲಿ ಕ್ಲಾಸಿನಲ್ಲಿ ನಾನು ಅವರ ದನಿಯಲ್ಲಿ ಹೇಳಿದ್ದನ್ನು ಅವರು ತಮ್ಮ ದನಿಯಲ್ಲಿ ಹೇಳಿದರು. ಅಸಲು ಅಸಲೇ. ನನ್ನದರಲ್ಲಿ ಆ ಗದರಿಕೆಯ ಅಡಿಯಲ್ಲಿರುವ ಮುದ್ದು ಇರಲಿಲ್ಲ.

"ಈಗ ಹೇಳಿ. ಬೆರಳಿಲ್ಲ, ಆದ್ರೂ ಬೋರ್ಡು ಬೆರಳಿದೆ ಅಂತಿದೆ. ಅಂದ್ರೆ?"

ಚೈತ್ರಾ ಎಂಬ ಹುಡುಗಿ ಎದ್ದಳು. ಎಂಟನೇ ಕ್ಲಾಸಿನಲ್ಲಿ ಭಿನ್ನರಾಶಿಗೆ ಅತ್ತವರಲ್ಲಿ ಅವಳೂ ಒಬ್ಬಳು. "ಮಿಸ್, ಒಂದು ಅಡ್ಡಗೆರೆ ಕಟ್ಟಾಗಿದೆ, ಒಂದು ಉದ್ದಗೆರೆ ಕಟ್ಟಾಗಿದೆ. ಎಲ್ಲೋ ಏನೋ ಅಡ್ಡ ಇದೆ."

"ಎಲ್ಲೋ ಅಂದ್ರೆ? ಬಂದು ತೋರ್ಸು."

ಚೈತ್ರಾ ಉದ್ದನೆಯ ಮರದ ಸ್ಕೇಲು ತೆಗೆದುಕೊಂಡು ಬಂದಳು. ಚುಕ್ಕಿಯಿಂದ ನೇರ ಎಡಕ್ಕೆ ಹಿಡಿದಳು. ಸ್ಕೇಲಿನ ತುದಿ ಚೌಕಟ್ಟಿನ ಒಳ ಅಂಚಿಗೆ ಮುಟ್ಟಿದ ಕಡೆ ಒಣಗಿದ ಗಂಧ, ಅದರ ಮೇಲೆ ಕೆಂಪು. ಚುಕ್ಕಿಯಿಂದ ನೇರ ಕೆಳಕ್ಕೆ ಹಿಡಿದಳು. ಅಲ್ಲೂ.

"ಮಿಸ್, ಕುಂಕುಮ."

ಪೂಜೆಯ ದಿನ ಎಲ್ಲರೂ ಅಲ್ಲಿದ್ದರು. ಇಟ್ಟವರು ಯಾರೆಂದು ಎಲ್ಲರಿಗೂ ಗೊತ್ತು. ಶಿವಣ್ಣ ಸಾರ್ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ನನ್ನ ಕೈಯಲ್ಲಿ ಬೋರ್ಡು ಒರೆಸಲು ತಂದಿದ್ದ ಒದ್ದೆ ಬಟ್ಟೆಯಿತ್ತು. ಪೂಜೆಯ ಕುಂಕುಮವನ್ನು, ಇಟ್ಟವರ ಎದುರಿಗೇ, ಬಟ್ಟೆ ಹಾಕಿ ಒರೆಸುವವರು ಯಾರು? ಬಿಟ್ಟರೆ ಪಾಠವಿಲ್ಲ, ಒರೆಸಿದರೆ ಅಪಶಕುನವೆಂಬ ಮಾತು ಬರುತ್ತದೆ, ಅದೂ ಇಂಥ ದಿನ, ಇವರ ಮುಂದೆ.

ಮಿಸ್ಸು ನೇರವಾಗಿ ಹಿಂದಿನ ಬೆಂಚಿಗೆ ಮಾತಾಡಿದರು.

"ಸಾರ್, ಪೂಜೆ ನಿಮ್ಮ ಕೈಯಿಂದ ಆಗಿದ್ದು. ಅದನ್ನ ನಾವು ಅಳಿಸೋದು ಬೇಡ. ನೀವೇ ಬಂದು ಅದಕ್ಕೆ ಜಾಗ ಬದಲಾಯಿಸಿಕೊಡಿ."

ರಂಗೇಗೌಡರು ಒಂದು ಕ್ಷಣ ಕೂತೇ ಇದ್ದರು. ಆಮೇಲೆ ಎದ್ದು, ಬೆಂಚುಗಳ ನಡುವಿನಿಂದ ಮುಂದೆ ಬಂದರು. ಕನ್ನಡಕ ಹಾಕಿಕೊಂಡು ಚೌಕಟ್ಟನ್ನು ಬಗ್ಗಿ ನೋಡಿದರು.

"ಇಷ್ಟು ಚಿಕ್ಕದು ಇಷ್ಟು ದೊಡ್ಡದನ್ನ ನಿಲ್ಲಿಸಿಬಿಡ್ತಾ?"

"ಜಾಗ ತಪ್ಪಿದೆ ಸಾರ್, ಅಷ್ಟೇ."

"ಮತ್ತೆ ಎಲ್ಲಿಗಿಡಲಮ್ಮ?"

ಮಿಸ್ಸು ಪಕ್ಕಕ್ಕೆ ಸರಿದು ಕರಿಹಲಗೆ ತೋರಿಸಿದರು. "ಈ ಸಲ ಇದಕ್ಕೆ ಪೂಜೆ ಆಗಿಲ್ಲ."

ಗೌಡರು ಶಿವಣ್ಣ ಸಾರ್ ಕಡೆ ತಿರುಗಿದರು. "ಆಗಿಲ್ವೇನ್ರೀ?"

"ಮರೆತು ಹೋಯ್ತು ಸಾರ್" ಎಂದರು ಶಿವಣ್ಣ ಸಾರ್. 'ಅದು ಬೇರೆ ವಿಷಯ' ಎಂದು ಅವರು ಸೇರಿಸದೆ ಬಿಟ್ಟದ್ದು ನಾನು ಕಂಡಂತೆ ಅದೊಂದೇ ಸಲ.

ರಂಗೇಗೌಡರು ನನ್ನ ಕೈಯ ಬಟ್ಟೆ ಕೇಳಲಿಲ್ಲ. ಉಗುರಿನಲ್ಲಿ ಹಗುರಾಗಿ ಆ ಒಣಗಿದ ಬೊಟ್ಟುಗಳನ್ನು ಬಿಡಿಸಿ ಅಂಗೈಗೆ ಹಾಕಿಕೊಂಡರು. ಚೈತ್ರಾಳ ನೀರಿನ ಬಾಟಲಿಯಿಂದ ಒಂದು ಹನಿ ಬಿಡಿಸಿಕೊಂಡು ಕಲಸಿದರು. ಕರಿಹಲಗೆಯ ಮರದ ಪಟ್ಟಿಯ ನಡುವೆ ಬೊಟ್ಟಿಟ್ಟು, ಅಲ್ಲೇ ನಿಂತು ಕೈಮುಗಿದರು. ಮಕ್ಕಳೆಲ್ಲ ಎದ್ದು ನಿಂತು ಮುಗಿದರು. ಉಳಿದ ಪುಡಿಯನ್ನು ನಾನು ನನ್ನ ಅಂಗಿಯ ತೋಳಿನಿಂದ ಒರೆಸಿದೆ. ಚುಕ್ಕಿ ಹೋಯಿತು.

ಆಮೇಲಿನ ಪಾಠ ಅದ್ಭುತವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಮಿಸ್ಸು ಎರಡನೇ ಸಮೀಕರಣ ಬರೆಯುವಾಗ ಉತ್ಸಾಹದಲ್ಲಿ ಅಂಗೈ ಊರಿದರು. ಅರ್ಧ ಸಮೀಕರಣ ಮಾಯ. ಕ್ಲಾಸು ನಕ್ಕಿತು. "ಇದು ಕುಂಕುಮ ಅಲ್ಲ, ಇದು ನಾನೇ" ಎಂದು ಮತ್ತೆ ಬರೆದರು. ಒಂದು ರೇಖೆಯನ್ನು ಸ್ಮಾರ್ಟ್ ಬೋರ್ಡಿನಲ್ಲಿ ಎಳೆದು, ಕೈಲೆಕ್ಕವನ್ನು ಪಕ್ಕದ ಕರಿಹಲಗೆಯಲ್ಲಿ ಮಾಡಿ, ಅತ್ತಿಂದಿತ್ತ ಓಡಾಡಿದರು. ಎರಡು ರೇಖೆ ಸೇರುವ ಬಿಂದುವನ್ನು ಯಾರು ತೋರಿಸುತ್ತೀರಿ ಎಂದಾಗ ಅಷ್ಟೂ ಕೈಗಳು ಮೇಲಿದ್ದವು. ಗೌಡರು ಮತ್ತೆ ಗಡಿಯಾರ ನೋಡಿಕೊಳ್ಳಲಿಲ್ಲ.

ಹೊರಗೆ ಹೋಗುವಾಗ ಅವರು ಶಿವಣ್ಣ ಸಾರ್‌ಗೆ, "ಟೈಮ್‌ಟೇಬಲ್ಲು ಹೇಗಿದೆಯೋ ಹಾಗೇ ಇರ್ಲಿ" ಎಂದರು. ಬಾಗಿಲಲ್ಲಿ ನಿಂತು ತಿರುಗಿ, "ಮಿಸ್, ಬರೀವಾಗ ಕೈ ಮಾತ್ರ ಸ್ವಲ್ಪ ಎತ್ಕೊಂಡಿರಿ" ಎಂದರು.

"ಕಲೀತಾ ಇದೀನಿ ಸಾರ್" ಎಂದರು ನಾಗರತ್ನ ಮಿಸ್ಸು.

ಆ ನಿಯಮವನ್ನು ಯಾರೂ ರದ್ದು ಮಾಡಲಿಲ್ಲ. ಆಮೇಲೆ ಯಾರೂ ಅದರ ಮಾತೆತ್ತಲೂ ಇಲ್ಲ. ಪರೀಕ್ಷೆಯ ದಿನದವರೆಗೂ ಹತ್ತನೇ ಕ್ಲಾಸು ಮಿಸ್ಸಿನ ಕೈಯಲ್ಲೇ ಇತ್ತು. ಅವರ ಬೀಳ್ಕೊಡುಗೆಗೆ ಕೆಲವೇ ದಿನ ಮುಂಚೆ ನನ್ನದು ಬಂತು. ಪೇಟ ಕಣ್ಣಿನ ಮೇಲೆ ಇಳಿದಿದ್ದಾಗ ಅವರು ಹತ್ತಿರ ಬಂದು ಅದನ್ನು ಎತ್ತಿ ಸರಿಮಾಡಿ, "ನನಗಿಂತ ಮುಂಚೆ ರಿಟೈರ್ ಆಗ್ತಾ ಇದೀಯಲ್ಲೋ, ಸೀನಿಯಾರಿಟಿ ಅನ್ನೋದು ಬೇಡ್ವಾ?" ಎಂದರು. ನನಗೆ ಆಗ ಯಾರ ದನಿಯೂ ಬಾಯಿಗೆ ಬರಲಿಲ್ಲ. ನನ್ನದೇ ದನಿಯಲ್ಲಿ "ಹೋಗ್ಬರ್ತೀನಿ ಮಿಸ್" ಎಂದೆ. ಕೇಳಲು ವಿಚಿತ್ರವಾಗಿತ್ತು.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಹೇಳುವುದು ಇಷ್ಟೇ. ಬೆರಳಿನ ಬೋರ್ಡನ್ನು 'ಸರಿಯಿದೆ' ಎನ್ನುವ ಮೊದಲು ಬೆರಳಿನಲ್ಲೇ ಬರೆದು ನೋಡಿ. ಟೀಚರಿಗೆ ಗುಂಡಿ ತೋರಿಸುವ ಮೊದಲು ಅದು ಯಾಕೆ ಕೆಲಸ ಮಾಡುತ್ತದೆಂದು ಹೇಳಿ, ಅವರಿಗೆ ಹತ್ತಿರವಾದ ಮಾತಿನಲ್ಲಿ. ದಸರಾ ರಜ ಮುಗಿಸಿ ಬಂದ ದಿನ ಗವಸು ತೆಗೆದು, ಮೊದಲು ಚೌಕಟ್ಟಿನ ಒಳ ಅಂಚನ್ನು ನೋಡಿ. ಅಲ್ಲಿ ಕುಂಕುಮ ಕಂಡರೆ ಅವಸರದಲ್ಲಿ ಒರೆಸಬೇಡಿ. ಇಟ್ಟವರನ್ನು ಕರೆಯಿರಿ, ಪಕ್ಕದಲ್ಲಿ ಕರಿಹಲಗೆ ಇದ್ದೇ ಇರುತ್ತದೆ.